ತೂಕದ ಪ್ರೋಗ್ರಾಮಿನಲ್ಲಿ ‘ಎಕ್ಸೆಪ್ಟ್: ಪಾಸ್’

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿ ಖರೀದಿ ಮಳಿಗೆಗೆ ಪೈಥಾನ್‌ನಲ್ಲಿ ತೂಕದ ಪ್ರೋಗ್ರಾಮ್ ಬರೆಯುವವರು ಮೊದಲು ಅಳಿಸಬೇಕಾದ ಸಾಲು ‘ಎಕ್ಸೆಪ್ಟ್: ಪಾಸ್’. ಏನೇ ಎರರ್ ಬಂದರೂ ನುಂಗಿಕೊಂಡು ಮುಂದೆ ಹೋಗು ಅಂತ ಅದರ ಅರ್ಥ.

ಚೀಲದ ಮೇಲೆ ಚೀಲ ತೂಗುವ ಲೂಪಿನೊಳಗೆ ಅದರ ಅನಾಹುತ ನೋಡಿ. ಮೊದಲ ಚೀಲ 50.20 ಕೆಜಿ. ಎರಡನೆಯದನ್ನು ಇಟ್ಟಾಗ ತಕ್ಕಡಿಯ ಕೇಬಲ್ ಸಡಿಲಾಗಿ ಕಸದ ಅಕ್ಷರ ಬರುತ್ತದೆ, ಅದನ್ನು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡುವಾಗ ‘ಇದು ಸಂಖ್ಯೆಯಲ್ಲ’ ಎನ್ನುವ ವ್ಯಾಲ್ಯೂಎರರ್, ಪಾಸ್ ಅದನ್ನು ನುಂಗುತ್ತದೆ. ವೇರಿಯೇಬಲ್‌ನಲ್ಲಿ ಹಳೇ 50.20 ಹಾಗೇ ಕೂತಿರುತ್ತದೆ. ಅದೇ ಮುಂದಿನ ಬೆಳೆಗಾರರ ಲೆಕ್ಕಕ್ಕೆ ಬೀಳುತ್ತದೆ. ಪ್ರೋಗ್ರಾಮ್ ನಿಂತೇ ಹೋಗಿದ್ದರೆ ಹತ್ತು ನಿಮಿಷ ಬೈಸಿಕೊಂಡು ಮುಗಿಯುತ್ತಿತ್ತು. ಸಾಲದ್ದಕ್ಕೆ ಎರರ್‌ನ ಹೆಸರು ಹೇಳದ ಬರೀ ಎಕ್ಸೆಪ್ಟ್, ಪ್ರೋಗ್ರಾಮ್ ನಿಲ್ಲಿಸಲು ಕಂಟ್ರೋಲ್-ಸಿ ಒತ್ತಿದ್ದನ್ನೂ ಹಿಡಿದುಬಿಡುತ್ತದೆ.

ಇದಕ್ಕಿಂತ ಕಳ್ಳ ತಪ್ಪು, ಎರರೇ ಬಾರದ್ದು. ತಕ್ಕಡಿಯ ಕೇಬಲ್ ಓದುವ ಲೈಬ್ರರಿ ಪೈಸೀರಿಯಲ್‌ನಲ್ಲಿ 1 ಸೆಕೆಂಡ್ ಟೈಮ್‌ಔಟ್ ಇಟ್ಟರೆ, ಸಮಯ ಮುಗಿದಾಗ ಒಂದು ಸಾಲು ಓದುವ ರೀಡ್‌ಲೈನ್ ಎಕ್ಸೆಪ್ಷನ್ ಎಸೆಯುವುದಿಲ್ಲ, ಅಷ್ಟರಲ್ಲಿ ಬಂದಷ್ಟನ್ನು ಕೊಟ್ಟು ಸುಮ್ಮನಾಗುತ್ತದೆ. ‘48.50’ ಬದಲು ‘4’ ಬಂದರೆ ಫ್ಲೋಟ್ ಅದನ್ನು 4 ಕೆಜಿ ಎಂದು ಒಪ್ಪಿಕೊಳ್ಳುತ್ತದೆ. ಕೊನೆಯಲ್ಲಿ ನ್ಯೂಲೈನ್ (ಸಾಲು ಮುಗಿದ ಗುರುತು) ಇದೆಯಾ ನೋಡಿ. ಇಲ್ಲದಿದ್ದರೆ ನೀವೇ ಎರರ್ ಎಬ್ಬಿಸಿ (ರೈಸ್ ಮಾಡಿ). ‘ನ್ಯಾನ್’ (ಸಂಖ್ಯೆಯೇ ಅಲ್ಲ ಎನ್ನುವ ಗುರುತು, ಫ್ಲೋಟ್ ಅದನ್ನೂ ಒಪ್ಪುತ್ತದೆ) ಕೂಡ ಹೀಗೇ ನುಸುಳುತ್ತದೆ. ‘ಸೊನ್ನೆಗಿಂತ ಕಡಿಮೆಯಾ’ ಎಂದು ಕೇಳಿದರೆ ಅಲ್ಲ ಅನ್ನುತ್ತದೆ, ತಪಾಸಣೆ ದಾಟಿಬಿಡುತ್ತದೆ. ಪ್ರಶ್ನೆಯನ್ನೇ ತಿರುಗಿಸಿ: 0ಕ್ಕಿಂತ ಹೆಚ್ಚು, 100ಕ್ಕಿಂತ ಕಡಿಮೆ ಇದ್ದರಷ್ಟೇ ಒಳಗೆ. (ಕೈಯಲ್ಲಿ ‘೪೮.೫’ ಎಂದು ಕನ್ನಡ ಅಂಕಿ ಟೈಪಿಸಿದರೆ ಪೈಥಾನ್ ತಕರಾರಿಲ್ಲದೆ ಓದುತ್ತದೆ. ‘1,250’ರ ಕಾಮಾಗೆ ಮಾತ್ರ ಸಿಟ್ಟು.)

ಟ್ರೈ ಒಳಗೆ ಎರರ್ ಬರಬಹುದಾದ ಒಂದೆರಡು ಸಾಲು ಸಾಕು. ವ್ಯಾಲ್ಯೂಎರರ್‌ಗೆ ‘ಚೀಲ ಇಳಿಸಿ ಮತ್ತೆ ಇಡಿ’, ಸೀರಿಯಲ್‌ಎಕ್ಸೆಪ್ಷನ್‌ಗೆ ‘ಕೇಬಲ್ ನೋಡಿ’ ಎಂದು ಪರದೆಯ ಮೇಲೆ ಕನ್ನಡದಲ್ಲೇ ಬರಲಿ. ಎರರ್ ಎಲ್ಲಿ ಹೇಗೆ ಬಂತೆಂದು ಹೇಳುವ ಪೂರ್ತಿ ಟ್ರೇಸ್‌ಬ್ಯಾಕ್ ಲಾಗರ್.ಎಕ್ಸೆಪ್ಷನ್ ಮೂಲಕ ಫೈಲಿಗೆ ಹೋಗಲಿ. ತೂಗುವವರಿಗೆ ಅದು ಬೇಡ, ನಿಮಗೆ ಬೇಕು.

ತೂಕವನ್ನು ಸರ್ವರಿಗೆ ಕಳಿಸುವಾಗ ಅದಕ್ಕೆ ಬಳಸುವ ಲೈಬ್ರರಿ ರಿಕ್ವೆಸ್ಟ್ಸ್‌ಗೆ ಟೈಮ್‌ಔಟ್ ಕೊಡಲೇಬೇಕು. ತಾನಾಗಿ ಅದಕ್ಕೆ ಟೈಮ್‌ಔಟ್ ಇಲ್ಲ. ನೆಟ್‌ವರ್ಕ್ ಹೋದರೆ 1, 2, 4 ಸೆಕೆಂಡ್ ಬಿಟ್ಟು ಮೂರು ಸಲ ಕಳಿಸಿ. ಸರ್ವರ್ 503 (ಸದ್ಯಕ್ಕೆ ಆಗದು) ಎಂದರೂ ಹಾಗೇ, 400 (ಕೋರಿಕೆಯೇ ಸರಿಯಿಲ್ಲ) ಬಂದರೆ ಮಾತ್ರ ಮರುಪ್ರಯತ್ನ ದಂಡ, ಕಳಿಸಿದ್ದೇ ತಪ್ಪು. ಆದರೆ ಸರ್ವರ್ ಬರೆದುಕೊಂಡು, ಉತ್ತರ ದಾರಿಯಲ್ಲಿ ಕಳೆದುಹೋಗಿದ್ದರೆ? ಮರುಪ್ರಯತ್ನದಲ್ಲಿ ಒಂದೇ ಚೀಲ ಎರಡಾಗುತ್ತದೆ. ರಸೀದಿ ಸಂಖ್ಯೆ ಮಳಿಗೆಯಲ್ಲೇ ಹುಟ್ಟಲಿ, ಡೇಟಾಬೇಸ್‌ನಲ್ಲಿ ಆ ಕಾಲಂ ಯೂನಿಕ್ (ಒಂದೇ ಸಂಖ್ಯೆ ಎರಡು ಸಲ ಬಾರದಂತೆ) ಆಗಿರಲಿ. ಆಗ ಎರಡನೇ ಸಲ ಆ ಸಂಖ್ಯೆಗೇ ಇಂಟೆಗ್ರಿಟಿಎರರ್ ಬರುತ್ತದೆ. ತೂಕವೂ ಹೊಂದಿದರೆ ‘ಆಗಲೇ ಸೇರಿದೆ’ ಎಂದು ಉತ್ತರಿಸಿ. ಹೊಂದದಿದ್ದರೆ ತಡೆದು ನಿಲ್ಲಿಸಿ.