ತಾಳಗುಪ್ಪದಿಂದ ಕಾರವಾರ: ಸೈಕಲ್ ಜೊತೆ ರೈಲು ಹತ್ತುವವರಿಗೆ

ತಾಳಗುಪ್ಪದಿಂದ ಕಾರವಾರಕ್ಕೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದರೆ ಮೊದಲು ರೈಲಿನ ಬಗ್ಗೆ ತಲೆ ಕೆಡಿಸಿಕೊಳ್ಳಿ. ರಸ್ತೆ ಹೇಗೋ ಆಗುತ್ತದೆ. ಮಲೆನಾಡಿನ ಒಳರಸ್ತೆಗಳು ಇವತ್ತಿಗೂ ಸೈಕಲ್‌ನವರಿಗೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಬೆಂಗಳೂರಿನಿಂದ ಅಲ್ಲಿಯವರೆಗೆ ಸೈಕಲ್ ಸಾಗಿಸುವುದಿದೆಯಲ್ಲ, ಅಲ್ಲೇ ನನಗೆ ಸರಿಯಾಗಿ ಟೋಪಿ ಬಿತ್ತು.

ಬ್ರೇಕ್ ವ್ಯಾನ್‌ನಲ್ಲಿ, ಅಂದರೆ ರೈಲಿನ ಸಾಮಾನು ಬೋಗಿಯಲ್ಲಿ, ಸೈಕಲ್ ಕಳಿಸಲು ಎರಡು ದಾರಿ ಇವೆ. ನಿಮ್ಮ ಟಿಕೆಟ್ ತೋರಿಸಿ ಲಗೇಜ್ ಅಂತ ಬುಕ್ ಮಾಡಿದರೆ ಅದು ನೀವು ಹೋಗುವ ರೈಲಿನಲ್ಲೇ ಬರಬೇಕು. ಪಾರ್ಸೆಲ್ ಅಂತ ಬುಕ್ ಆದರೆ ಟಿಕೆಟ್ ಬೇಡ, ಆದರೆ ಜಾಗ ಇರುವ ಯಾವುದೋ ರೈಲಿನಲ್ಲಿ ಯಾವಾಗಲೋ ಬರುತ್ತದೆ. ಸೈಕಲ್ಲಿನ ನಿಜವಾದ ತೂಕ ಎಷ್ಟೇ ಇರಲಿ, ಲೆಕ್ಕಕ್ಕೆ 40 ಕೆಜಿ ಹಿಡಿಯುತ್ತಾರೆ. ಸ್ಲೀಪರ್ ಟಿಕೆಟ್‌ಗೆ 40 ಕೆಜಿ ಲಗೇಜ್ ಫ್ರೀ ಇದೆಯಲ್ಲ ಅಂತ ಕೌಂಟರ್ ಮುಂದೆ ವಾದಕ್ಕೆ ನಿಲ್ಲಬೇಡಿ. ಸೈಕಲ್, ಸ್ಕೂಟರ್‌ಗೆ ಆ ವಿನಾಯಿತಿ ಇಲ್ಲ. ರೈಲು ಹೊರಡುವ ಅರ್ಧ ಗಂಟೆ ಮೊದಲಾದರೂ ಕೊಡಬೇಕು ಅನ್ನೋದು ನಿಯಮ. ನನ್ನ ಕೇಳಿದರೆ ಎರಡು ಗಂಟೆ ಮೊದಲೇ ಹೋಗಿ.

ಪಾರ್ಸೆಲ್ ಆಫೀಸಿನ ಹೊರಗೆ ಗೋಣಿ ಹಿಡಿದು ಕೂತವರು ಇರುತ್ತಾರೆ. ಒಬ್ಬ ಬಂದು ಸೈಕಲ್ಲಿನ ಹ್ಯಾಂಡಲ್‌ಗೇ ಕೈ ಹಾಕಿದ. 'ಪ್ಯಾಕ್ ಮಾಡದೆ ತಗೊಳ್ಳಲ್ಲ ಸಾರ್, ಎಲ್ಲಾ ನಾನೇ ಮಾಡಿಸ್ತೀನಿ' ಅಂದ. ಪ್ಯಾಕ್ ಮಾಡಬೇಕು ಅನ್ನೋದು ನಿಜವೇ. ದಬ್ಬಣ, ಸುತಳಿ ತೆಗೆದು ಐದು ನಿಮಿಷದಲ್ಲಿ ಗೋಣಿ ಹೊಲಿದು 600 ರೂಪಾಯಿ ಕೇಳಿದ. ಚೌಕಾಸಿ ಮಾಡಿ 450ಕ್ಕೆ ಇಳಿಸಿದೆ. ಟಿಕೆಟ್ ಜೆರಾಕ್ಸ್ ಕೊಟ್ಟು, ಲಗೇಜ್ ಅಂತಾನೇ ಬುಕ್ ಮಾಡಿಸಪ್ಪ ಅಂತ ಎರಡು ಸಲ ಹೇಳಿದೆ. 'ಎಲ್ಲಾ ಒಂದೇ ಸಾರ್' ಅಂತ ಒಳಗೆ ಹೋದವನು ರಶೀದಿ ತಂದು ಕೈಗಿಟ್ಟು ಜನರ ನಡುವೆ ಮಾಯವಾದ. ರಶೀದಿಯಲ್ಲಿ ಇದ್ದದ್ದು ಪಾರ್ಸೆಲ್. ವಾಪಸ್ ಕೌಂಟರ್‌ಗೆ ಹೋದರೆ, 'ಫಾರಂನಲ್ಲಿ ಹಾಗೇ ಬರೆದಿದೆ' ಅಂದರು. ಅಷ್ಟರಲ್ಲಿ ರೈಲು ಹೊರಡುವ ಹೊತ್ತಾಗಿತ್ತು.

ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿದು ಬ್ರೇಕ್ ವ್ಯಾನ್ ಹತ್ತಿರ ಓಡಿದೆ. ಬಾಗಿಲು ತೆಗೆದರು. ಮೂಟೆ, ರಟ್ಟಿನ ಪೆಟ್ಟಿಗೆ, ಯಾರದೋ ಸ್ಕೂಟರ್ ಎಲ್ಲಾ ಇತ್ತು, ನನ್ನ ಸೈಕಲ್ ಮಾತ್ರ ಇರಲಿಲ್ಲ. ಅದು ಬಂದದ್ದು ಮಾರನೇ ದಿನ. ಮೇಲೆ ಯಾರೋ ಭಾರದ ಮೂಟೆ ಹಾಕಿದ್ದರು ಅಂತ ಕಾಣುತ್ತದೆ, ಹಿಂದಿನ ಡಿರೇಲ್ಯೂರ್ ಹ್ಯಾಂಗರ್, ಅಂದರೆ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ತುಂಡು, ಒಳಕ್ಕೆ ಬಾಗಿತ್ತು. ಹ್ಯಾಂಗರ್ ಒಂದೊಂದು ಫ್ರೇಮಿಗೂ ಬೇರೆ ಬೇರೆ ಇರುತ್ತದೆ. ಸಣ್ಣ ಊರಿನಲ್ಲಿ ಸಿಗುವುದಿಲ್ಲ. ನಿಮ್ಮ ಫ್ರೇಮಿಗೆ ಹೊಂದುವ ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ನೂರು ಗ್ರಾಂ ಕೂಡ ಬರಲ್ಲ.

ನನ್ನ ಜೊತೆ ಬಂದ ಗೆಳೆಯ ಮಾತ್ರ ಬಲು ಚಾಲಾಕಿ. ಅವನು ಪಾರ್ಸೆಲ್ ಆಫೀಸಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಎರಡೂ ಚಕ್ರ ಬಿಚ್ಚಿ, ಫ್ರೇಮನ್ನು ಒಂದು ಚೀಲಕ್ಕೆ ಹಾಕಿ ಲೋವರ್ ಬರ್ತ್ ಕೆಳಗೆ ತಳ್ಳಿದ. ಚಕ್ರಗಳನ್ನು ತನ್ನ ಅಪ್ಪರ್ ಬರ್ತ್‌ನಲ್ಲಿ ಕಾಲ ಬಳಿ ಇಟ್ಟುಕೊಂಡು ಗೊರಕೆ ಹೊಡೆದ. ನಾನು ಶಿವಮೊಗ್ಗದಲ್ಲಿ ಕಾಯುವಾಗ ಅವನು ತಾಳಗುಪ್ಪಕ್ಕೆ ಹೋಗಿ ಜೋಗ ನೋಡಿ ಬಂದಿದ್ದ. ಜೋಗದ ಬಗ್ಗೆ ಅವನನ್ನೇ ಕೇಳಿ.

ಆ ಖಾಲಿ ದಿನ ನಾನು ಮಾಡಿದ ಒಂದೇ ಕೆಲಸ ಅಂದರೆ, ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಟಾರ್ಪಾಲಿನಲ್ಲಿ ಚೀಲ ಹೊಲಿಸಿದ್ದು. 350 ರೂಪಾಯಿ. ಅಲ್ಲಿಂದ ಮುಂದಕ್ಕೆ ಸೈಕಲ್ ನನ್ನ ಕಣ್ಣೆದುರೇ ಇತ್ತು.

ನಿಯಮ ಪೂರ್ತಿ ನಿಮ್ಮ ಪರವಾಗಿದೆ ಅಂದುಕೊಳ್ಳಬೇಡಿ. ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100 x 60 x 25 ಸೆಂಟಿಮೀಟರ್ ಮಿತಿ ಇದೆ. ದೊಡ್ಡ ಚಕ್ರದ ಸೈಕಲ್ಲು ಬಿಚ್ಚಿದರೂ ಅದಕ್ಕಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ. ಟಿಟಿಇ ಬೇಡ ಅಂದರೆ ಬೇಡ. ಆದರೆ ಓಡಾಡುವ ದಾರಿಗೆ ಅಡ್ಡ ಇಲ್ಲದೆ, ಸೀಟಿನ ಕೆಳಗೆ ಮುಚ್ಚಿಟ್ಟ ಚೀಲವನ್ನು ಯಾರೂ ಎಳೆದು ನೋಡಲಿಲ್ಲ. ಚೈನಿಗೆ ಹಳೇ ಲುಂಗಿ ಸುತ್ತಿ. ಎದುರು ಸೀಟಿನವರ ಬೆಡ್‌ಶೀಟಿಗೆ ಒಂದು ಸಲ ಎಣ್ಣೆ ಹತ್ತಿದರೆ ಆಮೇಲೆ ಯಾವ ನಿಯಮವೂ ನಿಮ್ಮನ್ನು ಕಾಪಾಡಲ್ಲ. ಎಡಗಡೆ ಪೆಡಲ್ ಬಿಚ್ಚುವಾಗ ತಿರುಗಣೆ ಉಲ್ಟಾ ಅನ್ನೋದು ನೆನಪಿರಲಿ, ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಬೇಕು. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ತಕ್ಷಣ ಕ್ಯಾಲಿಪರ್‌ನಲ್ಲಿ, ಎರಡು ಬ್ರೇಕ್ ಪ್ಯಾಡ್‌ಗಳ ಸಂದಿಗೆ, ರಟ್ಟಿನ ತುಂಡು ಮಡಚಿ ಸಿಕ್ಕಿಸಿ. ಪಕ್ಕದ ಸೀಟಿನ ಮಗು ಸುಮ್ನೆ ಆಟಕ್ಕೆ ಬ್ರೇಕ್ ಹಿಡಿಯಿತು ಅಂದರೆ ಎರಡೂ ಪ್ಯಾಡ್ ಅಂಟಿಕೊಳ್ಳುತ್ತವೆ. ಆಮೇಲೆ ಪ್ಲಾಟ್‌ಫಾರಂ ಮೇಲೆ ಸ್ಕ್ರೂಡ್ರೈವರ್ ತುರುಕಿ ಬಿಡಿಸುತ್ತಾ ಕೂರಬೇಕು.

ಇನ್ನು ಈ ಎರಡು ಊರನ್ನೇ ಯಾಕೆ ಆರಿಸಿಕೊಂಡೆವು ಅಂದರೆ, ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ರೈಲು ಮುಂದೆ ಹೋಗುವ ಮಾತೇ ಇಲ್ಲ. ಎಲ್ಲರೂ ಇಳಿದ ಮೇಲೆ ಆರಾಮಾಗಿ ಚೀಲ, ಚಕ್ರ ಎಲ್ಲಾ ಇಳಿಸಿಕೊಳ್ಳಬಹುದು. ಕಾರವಾರದಿಂದ ಬೆಂಗಳೂರಿಗೆ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ಅಲ್ಲಿಂದಲೇ ಹೊರಡುತ್ತದೆ. ಅದಕ್ಕೇ ಹತ್ತುವಾಗಲೂ ಗಡಿಬಿಡಿ ಇಲ್ಲ. ನಡುವಿನ ಅಂಕೋಲಾ, ಗೋಕರ್ಣ ರೋಡ್‌ನಂಥ ಸ್ಟೇಷನ್‌ಗಳಲ್ಲಿ ರೈಲು ನಿಲ್ಲೋದೇ ಒಂದೆರಡು ನಿಮಿಷ. ಅಷ್ಟರಲ್ಲಿ ಕತ್ತಲಲ್ಲಿ ಬೋಗಿ ಹುಡುಕಿ, ಬಾಗಿಲ ಬಳಿ ಮಲಗಿದವರನ್ನು ಎಬ್ಬಿಸಿ, ಎರಡು ಚೀಲ ಹತ್ತಿಸೋದು ನನ್ನ ಕೈಲಾಗದ ಕೆಲಸ. ಯಾವ ಊರಿಗೆ ಸೈಕಲ್ ಪ್ಲಾನ್ ಮಾಡಿದರೂ ರೈಲು ಕೊನೆಯಾಗುವ ಸ್ಟೇಷನ್ ಎಲ್ಲಿದೆ ಅಂತ ಮೊದಲು ನೋಡಿ, ಆಮೇಲೆ ಮ್ಯಾಪ್ ಬಿಡಿಸಿ.

ತಾಳಗುಪ್ಪದಿಂದ ಸಮುದ್ರಕ್ಕೆ ಇಳಿಯಲು ಎಲ್ಲರೂ ಹೇಳುವ ದಾರಿ ಗೇರುಸೊಪ್ಪೆ ಘಟ್ಟದ ಹೆದ್ದಾರಿ, ಹೊನ್ನಾವರಕ್ಕೆ ಹೋಗುವುದು. ಕಾರಿನಲ್ಲಾದರೆ ಚೆಂದ. ಸೈಕಲ್‌ನಲ್ಲಿ ಹೋದರೆ ಪ್ರತಿ ತಿರುವಿನಲ್ಲೂ ಹಿಂದೆ ಒಂದು ಬಸ್ಸು ಹಾರ್ನ್ ಒತ್ತುತ್ತಿರುತ್ತದೆ. ಸಿದ್ದಾಪುರಕ್ಕೆ ಹೋಗಿ, ಅಲ್ಲಿಂದ ಬಿಳಗಿ ಮೇಲೆ ದೊಡ್ಡಮನೆ ಘಟ್ಟ ಇಳಿದು ಕುಮಟಾ ಸೇರಿ. ಸಿದ್ದಾಪುರದಿಂದ ಕುಮಟಾಕ್ಕೆ 60 ಕಿಮೀ ಆಸುಪಾಸು. ಹೋದರೆ ಮೇಲಿನಿಂದ ಕೆಳಕ್ಕೇ ಹೋಗಿ. ಕರಾವಳಿಯಿಂದ ಹತ್ತಿಕೊಂಡು ಬರುವ ಶೂರರು ಇದ್ದಾರೆ, ಅವರಿಗೆ ನನ್ನ ಸಲಹೆ ಬೇಕಾಗಿಲ್ಲ.

ಈ ದಾರಿಯಲ್ಲಿ ಅಪರೂಪಕ್ಕೊಂದು ಬಸ್ಸು, ಹುಲ್ಲು ಹೇರಿಕೊಂಡ ಪಿಕಪ್ಪು, ಬೈಕುಗಳು, ಅಷ್ಟೇ. ಎರಡೂ ಕಡೆ ಅಡಿಕೆ ತೋಟ, ಆಮೇಲೆ ಕಾಡು. ಕೊಯ್ಲಿನ ಕಾಲದಲ್ಲಿ ಹೋದರೆ ಬೇಯಿಸಿದ ಅಡಿಕೆಯ ಒಗರು ವಾಸನೆ ಮೈಲುಗಟ್ಟಲೆ ಬಿಡಲ್ಲ. ಮೊಬೈಲ್ ಸಿಗ್ನಲ್ ಘಟ್ಟದಲ್ಲಿ ಇಲ್ಲವೇ ಇಲ್ಲ ಅಂತ ತಿಳಿದೇ ಹೊರಡಿ, ಮ್ಯಾಪ್ ಮೊದಲೇ ಇಳಿಸಿಕೊಂಡಿರಿ. ಇಳಿಜಾರಿನಲ್ಲಿ ಬ್ರೇಕ್ ಸುಮ್ನೆ ಹಿಡಿದೇ ಇರಬೇಡಿ. ರಿಮ್ ಬ್ರೇಕ್ ಆದರೆ ರಿಮ್ ಮುಟ್ಟಲಾಗದಷ್ಟು ಕಾಯುತ್ತದೆ, ಟ್ಯೂಬ್ ಢಮಾರ್ ಅನ್ನಬಹುದು. ತಿರುವಿಗೆ ಮೊದಲೇ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಿ. ಬಿದಿರೆಲೆ ಬಿದ್ದ ಜಾಗದಲ್ಲಿ ಒಣ ಹವೆಯಲ್ಲೂ ಚಕ್ರ ಜಾರುತ್ತದೆ. ಟೈರ್ 32 ಮಿಲಿಮೀಟರ್‌ಗಿಂತ ತೆಳು ಬೇಡ. ಊರಿನ ಪಂಕ್ಚರ್ ಅಂಗಡಿಯ ಪಂಪು ಪ್ರೆಸ್ಟಾ ಅನ್ನೋ ತೆಳು ವಾಲ್ವಿಗೆ ಕೂರಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಜೇಬಿನಲ್ಲಿರಲಿ.

ಘಟ್ಟ ಶುರುವಾಗುವ ಮುಂಚೆ ರಸ್ತೆ ಬದಿಗೆ ಒಂದು ಹೋಟೆಲು ಸಿಗುತ್ತದೆ. ಬೋರ್ಡ್ ಇಲ್ಲ. ಮನೆಯ ಜಗುಲಿಗೇ ಎರಡು ಬೆಂಚು ಹಾಕಿದ್ದಾರೆ. ಅಂಗಳದಲ್ಲಿ ಅಡಿಕೆ ಒಣಗಿಸಿರುತ್ತಾರೆ, ಸೈಕಲ್ ಅದರ ಮೇಲೆ ಹತ್ತಿಸಬೇಡಿ, ಅಮ್ಮನಿಗೆ ಸಿಟ್ಟು ಬರುತ್ತದೆ. ಇಡೀ ಪ್ರಯಾಣದಲ್ಲಿ ನಾನು ತಿಂದ ಒಳ್ಳೆಯ ತಿಂಡಿ ಇದೇ. ಬನ್ಸ್ ಆಗತಾನೇ ಎಣ್ಣೆಯಿಂದ ತೆಗೆದದ್ದು. ಮುರಿದರೆ ಒಳಗಿನಿಂದ ಬಾಳೆಹಣ್ಣಿನ ವಾಸನೆಯ ಹಬೆ ಬರುತ್ತದೆ, ಜೀರಿಗೆ ಹಲ್ಲಿಗೆ ಸಿಗುತ್ತದೆ. ಜೊತೆಗೆ ತೆಂಗಿನಕಾಯಿ ಚಟ್ನಿ, ನೀರು ನೀರಾಗಿ, ಹಸಿಮೆಣಸು ಸ್ವಲ್ಪ ಮುಂದಾಗಿ. ಒಗ್ಗರಣೆ ಅವಲಕ್ಕಿಗೆ ಮೇಲಿನಿಂದ ಕಾಯಿತುರಿ, ಕೇಳಿದರೆ ಗಟ್ಟಿ ಮೊಸರು. ಟೀ ಕೇಳಿದ್ದಕ್ಕೆ, 'ಸೈಕಲ್ ಹೊಡ್ಕಂಡು ಬಂದವ್ರಿಗೆ ಟೀ ಎಂತಕ್ಕೆ, ಕಷಾಯ ಕುಡೀರಿ' ಅಂದರು. ಕೊತ್ತಂಬರಿ, ಜೀರಿಗೆ, ಮೆಂತ್ಯ ಹುರಿದು ಪುಡಿ ಮಾಡಿ, ಬೆಲ್ಲ, ಹಾಲು ಹಾಕಿ ಕುದಿಸಿದ್ದು. ಸ್ಟೀಲ್ ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಎರಡನೇ ಸಲ ಬನ್ಸ್ ತಗೊಂಡಾಗ ದುಡ್ಡು ಲೆಕ್ಕ ಹಾಕಲೇ ಇಲ್ಲ, 'ಅದು ಸಣ್ಣದಾಗಿತ್ತು' ಅಂದರು. ಇಬ್ಬರು ಹೊಟ್ಟೆ ಬಿರಿಯೆ ತಿಂದು 110 ರೂಪಾಯಿ. ಫೋನ್‌ಪೇ ಗೀನ್‌ಪೇ ಇಲ್ಲ. ಸಿಗ್ನಲ್ಲೇ ಇಲ್ಲದ ಮೇಲೆ ಅದೆಲ್ಲಿ ಬರಬೇಕು? ಚಿಲ್ಲರೆ ಇಟ್ಟುಕೊಂಡು ಹೋಗಿ.

ಕುಮಟಾದಲ್ಲಿ ರಾತ್ರಿ ಕಳೆದೆವು, ಸೆಕೆ ಅನ್ನೋದು ಬಿಟ್ಟರೆ ಹೇಳುವಂಥದ್ದೇನಿಲ್ಲ.

ಕುಮಟಾದಿಂದ ಗೋಕರ್ಣಕ್ಕೆ ಹೆದ್ದಾರಿ 66 ಹಿಡಿಯಬೇಡಿ. ಕಾಗಾಲ ಕಡೆಯಿಂದ ಅಘನಾಶಿನಿ ಊರಿಗೆ ಹೋಗಿ, ಅಲ್ಲಿಂದ ಬೋಟಿನಲ್ಲಿ ಹೊಳೆ ದಾಟಿದರೆ ತದಡಿ ಬಂದರು. ಬೋಟಿನಲ್ಲಿ ಬೈಕುಗಳನ್ನೂ ಹಾಕುತ್ತಾರೆ, ಸೈಕಲ್ಲು ಯಾವ ಲೆಕ್ಕ. ಮೀನಿನ ಬುಟ್ಟಿ, ಶಾಲೆ ಮಕ್ಕಳು, ನಾವು, ಎಲ್ಲಾ ಒಟ್ಟಿಗೆ. ಕತ್ತಲಾದ ಮೇಲೆ ಇದನ್ನು ನೆಚ್ಚಿಕೊಳ್ಳಬೇಡಿ, ಕೊನೇ ಬೋಟ್ ಎಷ್ಟೊತ್ತಿಗೆ ಅಂತ ಕುಮಟಾದಲ್ಲೇ ಕೇಳಿಕೊಂಡು ಹೊರಡಿ. ಬೇಸಿಗೆಯಾದರೆ ಸಾಣಿಕಟ್ಟಾದ ಉಪ್ಪಿನ ಗದ್ದೆಗಳ ಕಡೆ ಒಂದು ಸುತ್ತು ಹಾಕಬಹುದು, ಉಪ್ಪು ರಾಶಿ ಹಾಕಿರುತ್ತಾರೆ.

ಗೋಕರ್ಣದಲ್ಲಿ ಶನಿವಾರ ಉಳಿಯುವ ಕೆಲಸ ಮಾತ್ರ ಮಾಡಬೇಡಿ. ನನಗೆ ಜನಜಂಗುಳಿ ಆಗಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೀಚ್ ಹತ್ತಿರದ ಒಂದು ಲಾಡ್ಜಿನವರು ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆಗೆ ಬಡಿಯುವ ರೂಮಿಗೆ 2,200 ರೂಪಾಯಿ ಹೇಳಿದರು. ಫ್ಯಾನು ತಿರುಗುವುದಕ್ಕಿಂತ ಜಾಸ್ತಿ ಕೂಗುತ್ತಿತ್ತು. ಬೇರೆ ಕಡೆ ಕೇಳಿದರೂ ಇಲ್ಲ ಇಲ್ಲ ಅಂತಲೇ ಬಂತು, ಒಪ್ಪಿಕೊಂಡೆವು. ಆಮೇಲೆ ಶುರು. ಸೈಕಲ್ ರೂಮಿಗೆ ಒಯ್ಯುವಂತಿಲ್ಲ, ಹೊರಗೆ ನಿಲ್ಲಿಸಿದರೆ ಪಾರ್ಕಿಂಗು ಒಂದಕ್ಕೆ 200. ಬೈಕಿಗೂ ಅಷ್ಟೇ ತಗೋತೀವಿ ಅಂತ ಸಮಜಾಯಿಷಿ ಬೇರೆ. ನಾವು ಅಲ್ಲೇ ಮೆಟ್ಟಿಲ ಮೇಲೆ ಕೂತು ಚಕ್ರ ಬಿಚ್ಚಿ, ಚೀಲಕ್ಕೆ ತುಂಬಿ, ಹೆಗಲಿಗೆ ಹಾಕಿಕೊಂಡು ಅವರ ಎದುರೇ ಮೇಲೆ ಹೋದೆವು. ಲಗೇಜಿಗೆ ಚಾರ್ಜ್ ಇಲ್ಲ ಅಲ್ವಾ? ಅವರ ಹತ್ತಿರ ಉತ್ತರ ಇರಲಿಲ್ಲ. 350 ರೂಪಾಯಿ ಚೀಲದ ದುಡ್ಡು ಅಲ್ಲೇ ಅರ್ಧಕ್ಕಿಂತ ಜಾಸ್ತಿ ವಸೂಲಾಯಿತು.

ಗಂಗಾವಳಿ ಹೊಳೆ ದಾಟಿ ಮಂಜಗುಣಿ ಮೇಲೆ ಅಂಕೋಲಾ ಸೇರುವವರೆಗೆ ರಸ್ತೆ ಮತ್ತೆ ಶಾಂತ. ಅಲ್ಲಿಂದ ಕಾರವಾರಕ್ಕೆ ಸುಮಾರು 35 ಕಿಮೀ ಹೆದ್ದಾರಿಯೇ ಗತಿ. ಬೆಳಕು ಹರಿಯುತ್ತಲೇ ಹೊರಟು, ಲಾರಿಗಳ ಸಾಲು ಶುರುವಾಗುವ ಮೊದಲು ಮುಗಿಸಿಬಿಡಿ. ಕಾರವಾರದ ಹತ್ತಿರ ಸುರಂಗ ಬರುತ್ತದೆ, ಹಗಲಾದರೂ ಹಿಂದಿನ ಕೆಂಪು ಲೈಟ್ ಹಾಕಿಕೊಳ್ಳಿ.

ಮಳೆಗಾಲದಲ್ಲಿ ಇದ್ಯಾವುದೂ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನೇ ಗಂಗಾವಳಿ ಹೊಳೆಗೆ ಕೊಚ್ಚಿಕೊಂಡು ಹೋಗಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಬಿತ್ತು. ಮಳೆಯಲ್ಲಿ ಮಲೆನಾಡು ಸೈಕಲ್ ಹೊಡೆಯೋದು ರೀಲ್ಸ್‌ನಲ್ಲಿ ಚೆಂದ ಕಾಣುತ್ತದೆ. ನೀವು ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.

ಕಾರವಾರ ಸ್ಟೇಷನ್ ಊರೊಳಗಿಲ್ಲ, ಶಿರವಾಡದ ಕಡೆ ಇದೆ. ಊಟ ಊರಲ್ಲೇ ಮುಗಿಸಿ, ರೈಲು ಹೊರಡುವ ಒಂದು ಗಂಟೆ ಮೊದಲು ತಲುಪಿ. ಪ್ಲಾಟ್‌ಫಾರಂನ ಕೊನೆಯಲ್ಲಿ ಯಾರೂ ಇಲ್ಲದ ಕಡೆ ಸೈಕಲ್ ಬಿಚ್ಚಿ. ಅಲೆನ್ ಕೀ ಎಲ್ಲಾ ಒಂದೇ ಡಬ್ಬಿಗೆ ಹಾಕಿ, ಹಳಿಗೆ ಬಿದ್ದರೆ ಕಥೆ ಮುಗಿಯಿತು. ಟಿಕೆಟ್ ಮಾಡುವಾಗ ಇಬ್ಬರಿದ್ದರೆ ಒಂದು ಲೋವರ್, ಒಂದು ಅಪ್ಪರ್ ಕೇಳಿ. ಒಬ್ಬರೇ ಆದರೆ ಲೋವರ್ ಕೇಳಿ, ಚಕ್ರ ಇಡಲು ಜಾಗ ಮಾಡಿಕೊಡಿ ಅಂತ ಅಪ್ಪರ್‌ನವರನ್ನು ಕೇಳಿಕೊಳ್ಳಿ. ಮಾತು ಮೆತ್ತಗಿದ್ದರೆ ಕೊಡುತ್ತಾರೆ.