ನಮ್ಮ ಝೆನ್ ಮೂಗಿಗೆ ಸಕ್ಷನ್ ಪೈಪು

ಮೇ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಎ.ಸಿ. ಹಾಕಿಕೊಂಡು ಹಳೇ ಕಾರು ಓಡಿಸಿದವರಿಗೆ ನನ್ನ ಕಷ್ಟ ಅರ್ಥವಾಗುತ್ತದೆ. ಸಿಗ್ನಲ್ ಬಿಡುತ್ತದೆ, ಕಾಲು ಒತ್ತುತ್ತೇವೆ, ಕಾರು ಒಂದು ಕ್ಷಣ ಯೋಚನೆ ಮಾಡುತ್ತದೆ. ಆಮೇಲೆ ಬೇಕೋ ಬೇಡವೋ ಅನ್ನುವ ಹಾಗೆ ಹೊರಡುತ್ತದೆ. ಅಷ್ಟರಲ್ಲಿ ಹಿಂದಿನ ಆಟೋದವನು ಎರಡು ಸಲ ಹಾರ್ನ್ ಹೊಡೆದು ಪಕ್ಕದಿಂದ ನುಗ್ಗಿ ಹೋಗಿರುತ್ತಾನೆ.

ನಮ್ಮದು 2003ರ ಮಾರುತಿ ಝೆನ್. 993 ಸಿಸಿಯ ಎಂಜಿನ್. ಅಪ್ಪಾಜಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ ನನ್ನ ಪಾಲಿಗೆ ಬಂದಿದೆ. ಬೆಳಗ್ಗೆ ಆರಕ್ಕೆ ಇದೇ ಕಾರು ಕರು ಜಿಗಿದ ಹಾಗೆ ಓಡುತ್ತದೆ. ಮಧ್ಯಾಹ್ನ ಮಾತ್ರ ಮುದುಕನಾಗುತ್ತದೆ. ಪ್ಲಗ್ ಬದಲಾಯಿಸಿದೆ, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದೆ. ಏನೂ ಆಗಲಿಲ್ಲ. ಬೆಳಗ್ಗೆಗೂ ಮಧ್ಯಾಹ್ನಕ್ಕೂ ಬದಲಾಗುವುದು ಗಾಳಿ ಒಂದೇ ಅಲ್ವಾ ಅಂತ ಒಂದು ರಾತ್ರಿ ಹೊಳೆಯಿತು. ಅಲ್ಲಿಂದ ಶುರುವಾಯಿತು ಕೋಲ್ಡ್ ಏರ್ ಇನ್‌ಟೇಕ್ ಹುಚ್ಚು, ಅಂದರೆ ಎಂಜಿನ್ನಿಗೆ ಹೊರಗಿನ ತಣ್ಣನೆ ಗಾಳಿ ಕುಡಿಸುವ ಹುಚ್ಚು.

ಲೆಕ್ಕ ಸುಲಭದ್ದೇ. ಗಾಳಿ ಬಿಸಿಯಾದರೆ ಹಿಗ್ಗುತ್ತದೆ. ಮೂರು ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ ನೂರಕ್ಕೆ ಒಂದು ಭಾಗದಷ್ಟು ತೆಳುವಾಗುತ್ತದೆ. ಎಂಜಿನ್ ಒಳಗಿನ ಜಾಗ ಅಷ್ಟೇ ಇರುತ್ತದೆ. ಆದ್ದರಿಂದ ಬಿಸಿ ಗಾಳಿ ಎಳೆದರೆ ಒಳಗೆ ಹೋಗುವ ಆಮ್ಲಜನಕ ಕಡಿಮೆ. ಒಂದು ಕೆಜಿ ಪೆಟ್ರೋಲ್ ಸರಿಯಾಗಿ ಉರಿಯಲು 14.7 ಕೆಜಿ ಗಾಳಿ ಬೇಕು. ಗಾಳಿ ಕಮ್ಮಿ ಬಂದರೆ ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್ ಪೆಟ್ರೋಲನ್ನೂ ಕಮ್ಮಿ ಮಾಡುತ್ತದೆ. ಹೊಟ್ಟೆಗೆ ಕಮ್ಮಿ ಹಾಕಿದ ಮೇಲೆ ಎತ್ತಿನಿಂದ ಎಷ್ಟು ಕೆಲಸ ತೆಗೆಯಲಾಗುತ್ತದೆ?

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಏರ್ ಫಿಲ್ಟರ್ ಡಬ್ಬಿ ಪೂರ್ತಿ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅಂಗಡಿಯಿಂದ 450 ರೂಪಾಯಿಯ ಕೆಂಪು ಬಣ್ಣದ ಕೋನ್ ಫಿಲ್ಟರ್ ತಂದು ಸಿಕ್ಕಿಸಿದೆ. ಸ್ಟಾರ್ಟ್ ಮಾಡಿ ರೇಸ್ ಕೊಟ್ಟರೆ, ಅಬ್ಬಾ, ಏನು ಸದ್ದು! ವಿದ್ಯಾನಗರದ ನಮ್ಮ ಬೀದಿಯ ನಾಯಿಗಳೆಲ್ಲ ಎದ್ದು ನಿಂತವು. ಕಾರು ಎರಡು ಪಟ್ಟು ಜೋರಾಗಿದೆ ಅಂತ ನನಗೆ ಅನ್ನಿಸಿತು. ತಮ್ಮ ಪಕ್ಕದಲ್ಲಿ ಕೂತು ಬಂದವನು, "ಸದ್ದು ಜೋರಾಗೈತಿ, ಕಾರಲ್ಲ" ಅಂದ. ಹೊಟ್ಟೆಕಿಚ್ಚು ಅಂದುಕೊಂಡೆ.

ಆದರೂ ಅವನ ಮಾತು ಕೊರೆಯುತ್ತಿತ್ತು. ಮೀನಿನ ತೊಟ್ಟಿಗೆ ಹಾಕುವ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದಲ್ಲ, ಉದ್ದ ವೈರಿನ ತುದಿಗೆ ಸಣ್ಣ ತಲೆ ಇರುವಂಥದ್ದು, ಅದನ್ನು 180 ರೂಪಾಯಿಗೆ ತಂದೆ. 110 ಡಿಗ್ರಿವರೆಗೆ ತೋರಿಸುತ್ತದೆ, ನಮ್ಮ ಕೆಲಸಕ್ಕೆ ಧಾರಾಳವಾಯಿತು. ಅದರ ತಲೆಯನ್ನು ಫಿಲ್ಟರ್ ಪಕ್ಕದಲ್ಲಿ ಟೇಪ್ ಹಾಕಿ ಕಟ್ಟಿ, ವೈರನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು ಕಿಟಕಿಯೊಳಗೆ ಎಳೆದುಕೊಂಡೆ. ಈ ಇಡೀ ಪುರಾಣದಲ್ಲಿ ನಾನು ಕೊಟ್ಟ ಹಣಕ್ಕೆ ಸರಿಯಾಗಿ ದುಡಿದ ವಸ್ತು ಇದೊಂದೇ.

ಅವತ್ತು ಹೊರಗೆ 38 ಡಿಗ್ರಿ. ಅರವತ್ತರ ವೇಗದಲ್ಲಿ ಹೋಗುವಾಗ ಫಿಲ್ಟರ್ ಪಕ್ಕ 52. ಜಯದೇವ ಸರ್ಕಲ್ಲಿನಲ್ಲಿ ಎರಡು ನಿಮಿಷ ನಿಂತೆ. ಅಂಕಿ ಏರುತ್ತಾ ಏರುತ್ತಾ 67ಕ್ಕೆ ಹೋಯಿತು! ರೇಡಿಯೇಟರ್ ಫ್ಯಾನು ಬಿಸಿಗಾಳಿಯನ್ನು ನೇರವಾಗಿ ನನ್ನ ಕೆಂಪು ಫಿಲ್ಟರಿಗೇ ಊದುತ್ತಿತ್ತು. ಹೊರಗಿನ ಗಾಳಿಗಿಂತ 29 ಡಿಗ್ರಿ ಜಾಸ್ತಿ. ಅಂದರೆ ನೂರಕ್ಕೆ ಎಂಟೂವರೆಯಷ್ಟು ಗಾಳಿ ನಷ್ಟ. ದುಡ್ಡು ಕೊಟ್ಟು ಕಾರನ್ನು ಮಂಡಕ್ಕಿ ಭಟ್ಟಿ ಮುಂದೆ ಉಸಿರಾಡಲು ಕೂರಿಸಿದ್ದೆ.

ಭಾನುವಾರ ಅಟ್ಟದಿಂದ ಡಬ್ಬಿ ಇಳಿಸಿ ವಾಪಸ್ ಕೂರಿಸಿದೆ. ಆಗಲೇ ನೋಡಿದ್ದು, ಆ ಡಬ್ಬಿಯ ಬಾಯಿ ಒಂದು ಗೇಣಿನಷ್ಟೂ ಉದ್ದವಿಲ್ಲ. ಮೋಟು ಕೊಳವೆ. ಅದು ಎಂಜಿನ್ ಪಕ್ಕದಲ್ಲೇ ತೆರೆದುಕೊಂಡಿದೆ. ಅಳೆದರೆ ಓಡುವಾಗ 49, ನಿಂತಾಗ 63. ಕಂಪನಿಯವರಿಗೆ ಇಷ್ಟೂ ಬುದ್ಧಿ ಬೇಡವಾ ಅಂತ ತಮ್ಮನ ಹತ್ತಿರ ದೊಡ್ಡ ಭಾಷಣವನ್ನೇ ಮಾಡಿದೆ.

ಪೈಪಿನದೇ ಯೋಚನೆಯಾಯಿತು. ಮನೆಗೆ ಹಾಕುವ ಪಿವಿಸಿ ಪೈಪು ಎಲ್ಲರೂ ಹೇಳುವುದು. ಆದರೆ ಅದು 70-80 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಎಗ್ಸಾಸ್ಟ್ ಹತ್ತಿರ ಹೋದರೆ ಕೇಳುವುದೇ ಬೇಡ. ಅಲ್ಲದೆ ಬಾಗುವುದಿಲ್ಲ, ತಿರುವಿಗೊಂದು ಬೆಂಡು ಬೇಕು. ಆಗ ನೆನಪಾಗಿದ್ದು ಚಿಕ್ಕಪ್ಪನ ಸಕ್ಷನ್ ಪೈಪು. ಹರಿಹರದ ಕಡೆ ನಮ್ಮ ಗದ್ದೆ ಇದೆ. ನಾಲೆಯಿಂದ ನೀರೆತ್ತುವ ಮೋಟಾರಿಗೆ ಹಾಕುವ, ಒಳಗೆ ಗಟ್ಟಿ ಸುರುಳಿ ಇರುವ ಎರಡೂವರೆ ಇಂಚಿನ ಪೈಪು. ಬೇಕಾದ ಹಾಗೆ ಬಾಗುತ್ತದೆ. ಮುಖ್ಯವಾಗಿ, ಎಷ್ಟು ಜೋರಾಗಿ ಎಳೆದರೂ ಒಳಕ್ಕೆ ಕುಸಿಯುವುದಿಲ್ಲ. ಹುಟ್ಟಿದ್ದೇ ಎಳೆಯುವುದಕ್ಕೆ.

ಚಿಕ್ಕಪ್ಪನಿಗೆ ಫೋನ್ ಮಾಡಿ ನಾಲ್ಕಡಿ ತುಂಡು ಬೇಕು ಅಂದೆ.

"ಯಾಕಪಾ, ಬೋರ್ ಹಾಕ್ಸಿಯೇನು?"

"ಇಲ್ಲ ಚಿಕ್ಕಪ್ಪ, ಕಾರಿಗೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅವಂದೇ ಹಳೇದು ಬಿದ್ದೈತಿ. ತಗೊಂಡು ಹೋಗು. ಕೆಲಸ ಆದ್ಮೇಲೆ ವಾಪಸ್ ತಂದ್ಕೊಡು" ಅಂದರು. ಅವನು ಅಂದರೆ ಯಾರು ಅಂತ ಕೇಳುವುದು ಬಿಟ್ಟೆ. ಊರಿನಲ್ಲಿ ಮೋಟಾರಿನ ಸಾಮಾನು ಯಾರ ಹೊಲದಿಂದ ಯಾರ ಹೊಲಕ್ಕೆ ಬಂದಿರುತ್ತದೋ ಹೇಳಲಾಗದು.

ಕೆಲಸ ಅಂದುಕೊಂಡಿದ್ದಕ್ಕಿಂತ ಬೇಗ ಮುಗಿಯಿತು. ಡಬ್ಬಿಯ ಮೋಟು ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಪೈಪು ತುರುಕಿ, ಕ್ಲಿಪ್ಪು ಹಾಕಿ ಬಿಗಿದೆ. ಪೈಪಿನ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿದೆ, ಬಿಸಿ ತಾಗದಿರಲಿ ಅಂತ. ಮುಂದಕ್ಕೆ ಹೇಗೆ ಒಯ್ಯುವುದು ಅಂತ ಟಾರ್ಚ್ ಬಿಟ್ಟು ನೋಡಿದರೆ, ಹೆಡ್‌ಲೈಟ್ ಹಿಂದಿನ ತಗಡಿನಲ್ಲಿ ದುಂಡನೆಯ ತೂತು ರೆಡಿ ಇದೆ! ಪಕ್ಕದಲ್ಲಿ ಎರಡು ಸಣ್ಣ ತೂತು ಬೇರೆ. ನನಗೋಸ್ಕರವೇ ಬಿಟ್ಟ ಹಾಗಿತ್ತು. ನನ್ನ ನಸೀಬು ಚೆನ್ನಾಗಿದೆ ಅಂದುಕೊಂಡು ಪೈಪನ್ನು ಅದರಲ್ಲೇ ತೂರಿಸಿದೆ. ಅಲ್ಲಿಗೆ ನಿಲ್ಲಿಸಲಿಲ್ಲ. ಇನ್ನೂ ತಣ್ಣನೆ ಗಾಳಿ ಸಿಗಲಿ ಅಂತ ಕೆಳಗೆ ಬಂಪರ್ ತನಕ ಇಳಿಸಿದೆ. ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿದೆ, ಕಸ ಬರಬಾರದಲ್ಲ. ಕ್ಲಿಪ್ಪು, ಟೇಪು, ಜಾಲರಿ ಎಲ್ಲ ಸೇರಿ 310 ರೂಪಾಯಿ.

ಅಪ್ಪಾಜಿ ಬಂದು ನೋಡಿದರು. ಬೆಳ್ಳಿ ಬಣ್ಣದ ಪೈಪು ಹೆಬ್ಬಾವಿನ ಹಾಗೆ ಮಲಗಿತ್ತು. "ಕಾರಿಗೆ ಗ್ಲೂಕೋಸ್ ಹಾಕೀರೇನಪಾ?" ಅಂದು ಪೇಪರ್ ಓದಲು ಹೋದರು.

ಮಧ್ಯಾಹ್ನ ಎರಡಕ್ಕೆ ತಮ್ಮನನ್ನು ಎಬ್ಬಿಸಿಕೊಂಡು ಹರಿಹರದ ಕಡೆ ಹೊರಟೆ. ಹೋಗಿ ಬರಲು ಮೂವತ್ತು ಕಿಲೋಮೀಟರ್ ಒಳಗೆ. ಅವತ್ತೂ ಹೊರಗೆ 38. ಓಡುವಾಗ ಥರ್ಮಾಮೀಟರ್ 40 ತೋರಿಸಿತು! ನಿಂತಾಗ 51. ನಿಂತಾಗ ಡಬ್ಬಿ, ತಗಡು ಎಲ್ಲ ಕಾದಿರುತ್ತದೆ, ಅದಕ್ಕೆ ಪೈಪು ಏನೂ ಮಾಡಲಾರದು. ಆದರೂ 67 ಎಲ್ಲಿ, 51 ಎಲ್ಲಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಎಷ್ಟು ಸೆಕೆಂಡು ಅಂತ ತಮ್ಮ ಮೊಬೈಲಿನಲ್ಲಿ ಅಳೆದ. ಕೋನ್ ಫಿಲ್ಟರ್ ಇದ್ದಾಗ 13.2 ಬಂದಿತ್ತು, ಈಗ 12.6. ನಾನು ಸ್ಟೇರಿಂಗ್ ಬಡಿದು ಕುಣಿದೆ. "ಅಣ್ಣಾ, ನನ್ನ ಬೆರಳೇ ಅರ್ಧ ಸೆಕೆಂಡು ಆಚೆ ಈಚೆ ಆಗ್ತೈತಿ" ಅಂದ. ಈ ಹುಡುಗನನ್ನು ಯಾಕಾದರೂ ಕರೆದುಕೊಂಡು ಬಂದೆನೋ.

ವಾಪಸ್ ಬರುವಾಗ ಸರ್ವಿಸ್ ರಸ್ತೆ ಹಿಡಿದೆವು. ಬೇಸಿಗೆ ಭತ್ತದ ಕೊಯ್ಲಿನ ಸಮಯ. ಗದ್ದೆಯಲ್ಲಿ ಕಟಾವ್ ಮೆಷಿನ್ ಓಡುತ್ತಿತ್ತು. ರಸ್ತೆ ಪಕ್ಕ ಭತ್ತ ಒಣಗಲು ಹಾಕಿದ್ದರು. ಗಾಳಿ ತುಂಬಾ ಹೊಟ್ಟು, ದೂಳು. ನಾನು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ನಾಲ್ಕು ಕಿಲೋಮೀಟರ್ ಆದ ಮೇಲೆ ಹೈವೇ ಹತ್ತಿ ಕಾಲು ಒತ್ತಿದೆ. ಕಾರು ಅರವತ್ತಕ್ಕೆ ಬಂದು ನಿಂತುಬಿಟ್ಟಿತು. ಪೂರ್ತಿ ಒತ್ತಿದರೂ ಮೇಲೆ ಏಳುವುದಿಲ್ಲ. ಯಾರೋ ಮೂಗು ಹಿಡಿದ ಹಾಗೆ. ಪಿಸ್ಟನ್ನೇ ಹೋಯಿತು ಅಂದುಕೊಂಡು ನನಗೆ ಬೆವರು ಕಿತ್ತುಕೊಂಡಿತು.

ಪಕ್ಕಕ್ಕೆ ಹಾಕಿ ಇಳಿದು ಬಗ್ಗಿ ನೋಡಿದರೆ, ಸೊಳ್ಳೆ ಜಾಲರಿ ಕಾಣುತ್ತಲೇ ಇಲ್ಲ. ಅದರ ಮೇಲೆ ಹೊಟ್ಟು, ಹುಲ್ಲಿನ ಚೂರು, ಒಂದು ಗುಟ್ಕಾ ಚೀಟಿ, ಎಲ್ಲ ಸೇರಿ ರೊಟ್ಟಿ ತಟ್ಟಿದ ಹಾಗೆ ಕೂತಿತ್ತು. ಈ ಸಣ್ಣ ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿ ಪೂರ್ತಿ ಎಳೆದರೆ ನಿಮಿಷಕ್ಕೆ ಸುಮಾರು 1500 ಲೀಟರ್ ಗಾಳಿ ಬೇಕು. ಅಂಗೈ ಅಗಲದ ಸೊಳ್ಳೆ ಪರದೆಯಿಂದ, ಅದೂ ನೆಲಕ್ಕೆ ಒಂದಡಿ ಎತ್ತರದಲ್ಲಿ! ಜಾಲರಿ ಕಿತ್ತು ಬಿಸಾಕಿದ ಕೂಡಲೇ ಕಾರು ಸರಿಹೋಯಿತು. ನನ್ನ ಮುಖ ಮಾತ್ರ ಸರಿಹೋಗಲಿಲ್ಲ.

ಹಾಗೇ ಸೀದಾ ಚಾಚಾನ ಗ್ಯಾರೇಜಿಗೆ ಹೋದೆ. ಅವರು ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ಕಾರ್ಬ್ಯುರೇಟರ್ ಕಾಲದಿಂದ ಕೈ ಕಪ್ಪು ಮಾಡಿಕೊಂಡವರು. ಬಾನೆಟ್ ಎತ್ತಿ, ಬೀಡಿ ಪಕ್ಕಕ್ಕಿಟ್ಟು, ತುಂಬಾ ಹೊತ್ತು ಸುಮ್ನೆ ನೋಡಿದರು.

"ತಮ್ಮಾ, ಇದು ಕೆಳಗೆ ಎಲ್ಲಿ ತನಕ ಹೋಗೈತಿ?"

"ಬಂಪರ್ ತನಕ ಚಾಚಾ."

"ಮಳೆಗಾಲದಾಗ ರೈಲ್ವೆ ಬ್ರಿಜ್ ಕೆಳಗೆ ಎಷ್ಟು ನೀರು ನಿಲ್ತದ?"

ನಾನು ಮೊಣಕಾಲು ತೋರಿಸಿದೆ. ಅವರು ಏನೂ ಹೇಳದೆ ನೀರಿನ ಬಾಟಲಿ ತುಂಬಿಸಿ, ಮುಚ್ಚಳ ಬಿಗಿದು ನನ್ನ ಕೈಗೆ ಕೊಟ್ಟು "ಒತ್ತು" ಅಂದರು. ಒತ್ತಿದೆ. ಕಲ್ಲಿನ ಹಾಗಿತ್ತು. "ಗಾಳಿ ಆದ್ರೆ ಪಿಸ್ಟನ್ ಒತ್ತಿದಂಗೆ ಸಣ್ಣದಾಗ್ತದ. ನೀರು ಆಗಲ್ಲ. ಒಂದ್ ಲೋಟ ಒಳಗೆ ಹೋದ್ರೆ ಸಾಕು, ಕನೆಕ್ಟಿಂಗ್ ರಾಡ್ ಬಾಗ್ತದ. ಆಮೇಲೆ ನಿನ್ನ ಕಾರಿಗಿಂತ ನನ್ನ ಬಿಲ್ ಜಾಸ್ತಿ."

ಅವರ ಕಾಲದ ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಗೆ ಬೇಸಿಗೆ, ಚಳಿಗಾಲ ಅಂತ ಎರಡು ಗುರುತು ಇರುತ್ತಿದ್ದವಂತೆ. ಚಳಿಗೆ ತಿರುಗಿಸಿದರೆ ಬೇಕಂತಲೇ ಎಗ್ಸಾಸ್ಟ್ ಹತ್ತಿರದ ಬಿಸಿಗಾಳಿ ಬರುತ್ತಿತ್ತು. ತಂಪಾದ, ತೇವ ತುಂಬಿದ ಹವೆಯಲ್ಲಿ ಕಾರ್ಬ್ಯುರೇಟರ್ ಒಳಗೆ ಮಂಜು ಕಟ್ಟುತ್ತದಲ್ಲ, ಅದಕ್ಕೆ. "ದಾವಣಗೆರಿಗೆ ಚಳಿ ಯಾವಾಗ ಬಂದಿತ್ತು? ನಾವು ಮುಟ್ತಾನೇ ಇರಲಿಲ್ಲ" ಅಂತ ನಕ್ಕರು. ಮೈಲೇಜ್ ಏನಾದರೂ ಜಾಸ್ತಿ ಆಗುತ್ತದಾ ಅಂತ ಕೇಳಿದೆ. ಇಲ್ಲವಂತೆ. ಊರೊಳಗೆ ಅರ್ಧ ಕಾಲಿನಲ್ಲಿ ಓಡಿಸುವಾಗ ಹೆಚ್ಚು ಗಾಳಿ ಬಂದರೆ ಕಾಲು ಸ್ವಲ್ಪ ಕಮ್ಮಿ ಒತ್ತುತ್ತೇವೆ, ಅಷ್ಟೇ. ಪೂರ್ತಿ ಒತ್ತಿದಾಗ ಮಾತ್ರ ಈ ತಣ್ಣನೆ ಗಾಳಿಯ ಲಾಭ. ಮಧ್ಯಾಹ್ನದ ಸುಸ್ತಿನಲ್ಲಿ ಎ.ಸಿ. ಕಂಪ್ರೆಸರಿನ ಪಾಲೂ ಇದೆ, ಅದಕ್ಕೆ ಪೈಪಿನಲ್ಲಿ ಔಷಧ ಇಲ್ಲ.

ಆಮೇಲೆ ಹೆಡ್‌ಲೈಟ್ ಹಿಂದಿನ ಆ ತೂತಿಗೆ ಬೆರಳಿಟ್ಟರು.

"ಇದು ನೀನು ಹೊಡೆದಿದ್ದಾ?"

"ಇಲ್ಲ ಚಾಚಾ. ಮೊದಲೇ ಇತ್ತು."

"ಯಾಕಿತ್ತು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಚಾಚಾ ಮೂಲೆಯಲ್ಲಿ ನಿಂತಿದ್ದ ಇನ್ನೊಂದು ಝೆನ್ ಬಾನೆಟ್ ಎತ್ತಿ ಕರೆದರು. ಅದರ ಡಬ್ಬಿಯ ಬಾಯಿಯಿಂದ ಕರೀ ಪ್ಲಾಸ್ಟಿಕ್ ಕೊಳವೆಯೊಂದು ಹೊರಟು, ಸೀದಾ ಹೆಡ್‌ಲೈಟ್ ಹಿಂದಿನ ಅದೇ ದುಂಡು ತೂತಿಗೆ ಹೋಗಿ ಸೇರಿತ್ತು. ಪಕ್ಕದ ಎರಡು ಸಣ್ಣ ತೂತಿಗೆ ಅದರ ಕ್ಲಿಪ್ಪು. "ನಿನ್ನ ಕಾರಿಗೆ ಯಾವಾಗಲೋ ಮುಂದೆ ಗುದ್ದಿತ್ತಾ? ರಿಪೇರಿ ಮಾಡಿದೋನು ಮೂಗು ವಾಪಸ್ ಹಾಕಿಲ್ಲ."

ಆರು ವರ್ಷದ ಹಿಂದೆ ಅಪ್ಪಾಜಿ ಎಮ್ಮೆಗೆ ಗುದ್ದಿಸಿದ್ದರು. ಬಂಪರ್, ಹೆಡ್‌ಲೈಟ್ ಬದಲಾಯಿಸಿಕೊಂಡು ಬಂದಿದ್ದೆವು. ಅಂದರೆ ಆರು ಬೇಸಿಗೆ ಈ ಕಾರು ಮೂಗಿಲ್ಲದೆ ಬಿಸಿಗಾಳಿ ಕುಡಿದಿದೆ. ಕಂಪನಿಯವರ ಬುದ್ಧಿಯ ಬಗ್ಗೆ ಮಾಡಿದ ಭಾಷಣ ನೆನಪಾಗಿ ತಮ್ಮನ ಕಡೆ ತಿರುಗಲಿಲ್ಲ. ಅವನು ನಗುವುದು ಕೇಳಿಸುತ್ತಿತ್ತು.

ಗುಜರಿಯಲ್ಲಿ ಆ ಕೊಳವೆ 150 ರೂಪಾಯಿಗೆ ಸಿಕ್ಕಿತು, ಒಂದು ಮೂಲೆ ಸ್ವಲ್ಪ ಸೀಳಿದ್ದು. ಚಾಚಾ ಐದು ನಿಮಿಷದಲ್ಲಿ ಕೂರಿಸಿದರು, ದುಡ್ಡು ತಗೊಳ್ಳಲಿಲ್ಲ. ಮರುದಿನ ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ಮತ್ತೆ ಅಳೆದೆ. ಓಡುವಾಗ 41, ನಿಂತಾಗ 52. ನನ್ನ ಹೆಬ್ಬಾವಿಗಿಂತ ಒಂದೇ ಡಿಗ್ರಿ ಜಾಸ್ತಿ. ಆ ಒಂದು ಡಿಗ್ರಿ ನನ್ನದು ಅಂತ ತಮ್ಮನಿಗೆ ಈಗಲೂ ಹೇಳುತ್ತಿರುತ್ತೇನೆ.

ಅಲ್ಯೂಮಿನಿಯಂ ಟೇಪು ಬಿಚ್ಚಲು ಬರಲಿಲ್ಲ. ಹಾಗೇ ಬೆಳ್ಳಿ ಬಣ್ಣದಲ್ಲೇ ಪೈಪನ್ನು ಚಿಕ್ಕಪ್ಪನಿಗೆ ವಾಪಸ್ ಕೊಟ್ಟೆ. ಅವರು ಅದನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ಕಾರಿಗೆ ನೀರು ಎಷ್ಟು ಬಿತ್ತು ಅಂತ ಕೇಳಿದರು.