ಸಾಲಿಗ್ರಾಮ ಮುಟ್ಟಿದವರ ಮನಸ್ಸಲ್ಲಿ ಏನಿತ್ತು?

ಕೋಲಾರದ ನಮ್ಮ ಕಾಲೇಜಿನಲ್ಲಿ ಕಾದಂಬರಿ ಪಾಠಕ್ಕೆ ಎರಡು ಬಣ್ಣದ ಪೆನ್ಸಿಲು ಬೇಕಿತ್ತು. ಜಾತಿಯ ಅಥವಾ ಮೈಬಣ್ಣದ ಕಾರಣಕ್ಕೆ ಹೊರಗಿಟ್ಟವರನ್ನು ಬೇರೆಯವರು ನೋಡಿ ಹೇಳುವ ಸಾಲಿಗೆ ಕೆಂಪು ಗೆರೆ, ಅವರೇ ಬಾಯಿಬಿಟ್ಟ ಅಥವಾ ಅವರ ಮನಸ್ಸೊಳಗಿಂದ ಬಂದ ಸಾಲಿಗೆ ನೀಲಿ. ಪುಸ್ತಕವೆಲ್ಲ ಗೀಚಬೇಕಾಗಿಲ್ಲ, ಮುಖ್ಯ ಪ್ರಸಂಗದ ಹತ್ತು ಪುಟ ಸಾಕು. ಆ ಪಾಠಗಳಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಈ ಗೆರೆಗಳೇ.

ಅನಂತಮೂರ್ತಿಯವರ ‘ಭಾರತೀಪುರ’ (1973) ತೆಗೆದುಕೊಳ್ಳಿ. ಅದರ ನಾಯಕ, ಬ್ರಾಹ್ಮಣ ಜಮೀನ್ದಾರ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ಮುಟ್ಟಿ ಎಂದು ದಲಿತ ಯುವಕರ ಮುಂದೆ ಹಿಡಿಯುತ್ತಾನೆ. ಅವರು ಹೆದರುತ್ತಾರೆ. ಇವನಿಗೆ ಸಿಟ್ಟು ಬರುತ್ತದೆ, ಅವರ ಮೇಲೇ ಅಸಹ್ಯ ಹುಟ್ಟುತ್ತದೆ. ಕೊನೆಗೆ ಮುಟ್ಟುತ್ತಾರೆ. ಗೆರೆ ಎಳೆದು ನೋಡಿದರೆ ಪ್ರಸಂಗವೆಲ್ಲ ಕೆಂಪು. ಮುಟ್ಟಿದವರ ಮನಸ್ಸಲ್ಲಿ ಏನಾಯಿತು ಅನ್ನುವುದು ನಮಗೆ ಸಿಗುವುದೇ ಇಲ್ಲ. ಇದನ್ನು ಲೇಖಕರ ದೋಷ ಅಂತ ಬರೆದು ಕೈತೊಳೆದುಕೊಳ್ಳುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ, ಉದ್ಧಾರ ಮಾಡಲು ಹೊರಟವನ ಕುರುಡೇ ಅಲ್ಲಿಯ ವಸ್ತು.

ದೇವನೂರ ಮಹಾದೇವರ ‘ಕುಸುಮಬಾಲೆ’ಗೆ (1984) ಬಂದರೆ ಪೆನ್ಸಿಲು ಸೋಲುತ್ತದೆ. ದೂರ ನಿಂತು ವರ್ಣಿಸುವ ಗ್ರಂಥಭಾಷೆಯೇ ಅಲ್ಲಿಲ್ಲ. ಹೇಳುವವರದೂ ನಂಜನಗೂಡು ಸೀಮೆಯ ಆಡುಮಾತು, ಆಡುವವರದೂ ಅದೇ. ದೀಪದ ಬೆಳಕೇ ಹೆಣ್ಣಾಗಿ ಬರುವ ಜೋತಮ್ಮಂದಿರೂ ಮಾತಿಗೆ ಕೂರುತ್ತಾರೆ. ಮನೆಯಲ್ಲಿ ತೆಲುಗು ಆಡುವ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಮಕ್ಕಳಿಗೆ ಮೊದಲ ಪುಟಗಳು ಹತ್ತುವುದಿಲ್ಲ. ಕಣ್ಣಲ್ಲಿ ಓದುವುದೇ ತಪ್ಪು. ಒಬ್ಬರು ಗಟ್ಟಿಯಾಗಿ ಓದಲಿ, ನಾಲ್ಕು ಜನ ಕೇಳಲಿ. ತಿಳಿಯದ ಪದಕ್ಕೆ ನಿಲ್ಲದೆ ಒಂದು ಅಧ್ಯಾಯ ಮುಗಿಸಿ, ಆಮೇಲೆ ನಿಘಂಟು.

ಇನ್ನು ವರ್ಣಭೇದದ ಕಾದಂಬರಿ. ಅಮೆರಿಕದ ಲೇಖಕಿ ಟೋನಿ ಮಾರಿಸನ್ನರ ‘ದಿ ಬ್ಲೂಯೆಸ್ಟ್ ಐ’ನಲ್ಲಿ (1970) ಪೆಕೋಲಾ ಅನ್ನುವ ಕಪ್ಪು ಹುಡುಗಿ ಮೂರು ಪೆನ್ನಿ ಹಿಡಿದು ಮಿಠಾಯಿಗೆ ಹೋಗುತ್ತಾಳೆ. ಅಂಗಡಿಯವನ ಕಣ್ಣು ಅವಳ ಮೇಲೆ ನಿಲ್ಲುವುದೇ ಇಲ್ಲ. ಚಾಚಿದ ಅಂಗೈಯಿಂದ ಕಾಸು ತೆಗೆದುಕೊಳ್ಳಲು ಹಿಂಜರಿಯುತ್ತಾನೆ. ಉಗುರು ಮಾತ್ರ ತಾಗುತ್ತದೆ. ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಡುವುದನ್ನು ಕಂಡವರಿಗೆ ಆ ಪುಟಕ್ಕೆ ಟಿಪ್ಪಣಿ ಬೇಡ.

ಹಾಗಂತ ಜಾತಿ, ವರ್ಣಭೇದ ಎರಡೂ ಒಂದೇ ಅಂತ ಬರೆದರೆ ಉತ್ತರ ಕೆಟ್ಟಿತು. ಮೈಬಣ್ಣ ದೂರದಿಂದಲೇ ಕಾಣುತ್ತದೆ. ಜಾತಿಯನ್ನು ಕೇಳಿ ತಿಳಿಯಬೇಕು: ಯಾವೂರು, ಯಾರ ಮನೆ, ಯಾವ ಪೈಕಿ? ಅದಕ್ಕೇ ಮಾರಿಸನ್ ನೋಟವನ್ನು ಅಷ್ಟು ಹೊತ್ತು ಹಿಡಿದು ನಿಲ್ಲುತ್ತಾರೆ. ನಮ್ಮ ಕಾದಂಬರಿಗಳಲ್ಲಿ ನೋಡಬೇಕಾದ್ದು ಊರಿಗೂ ಕೇರಿಗೂ ಇರುವ ದೂರ, ನಿಲ್ಲುವ ಜಾಗ ಜಗುಲಿಯೋ ಅಂಗಳವೋ, ನೀರು ಮೇಲಿನಿಂದ ಸುರಿದರೋ ಲೋಟದಲ್ಲಿ ಕೊಟ್ಟರೋ ಅನ್ನುವುದು.

ಎಲ್ಲಕ್ಕಿಂತ ಹೆಚ್ಚು ಸಿಗುವುದು ಏಕವಚನ, ಬಹುವಚನದಲ್ಲಿ. ಯಾರು ಯಾರಿಗೆ ‘ಬಾರೋ’ ಅಂದರು, ಯಾರು ‘ಬುದ್ಧೀ’ ಅಂದರು, ವಯಸ್ಸಾದವನನ್ನು ಚಿಕ್ಕ ಹುಡುಗ ಹೆಸರು ಹಿಡಿದು ಕರೆದನೇ? ಪುಟದ ಅಂಚಿನಲ್ಲಿ ‘ಏ’, ‘ಬ’ ಅಂತ ಗುರುತು ಹಾಕುತ್ತಾ ಹೋಗಿ. ಕಾದಂಬರಿಯ ನಡುವೆ ‘ಏ’ ಇದ್ದದ್ದು ‘ಬ’ ಆದರೆ, ಅಥವಾ ಉಲ್ಟಾ ಆದರೆ, ಅಲ್ಲೇನೋ ನಡೆದಿದೆ. ಇಂಗ್ಲಿಷ್ ಅನುವಾದದಲ್ಲಿ ಎಲ್ಲವೂ ‘ಯೂ’. ಅದನ್ನಷ್ಟೇ ಓದಿ ನೋಟ್ಸ್ ಮಾಡಿಕೊಳ್ಳುವವರು, ಮಾತುಕತೆ ಬರುವ ಪುಟಗಳಿಗಾದರೂ ಕನ್ನಡ ಪ್ರತಿ ಪಕ್ಕದಲ್ಲಿಟ್ಟುಕೊಳ್ಳಿ.